ಮಾವನವರ ಕುರ್ಚಿಯ ಪಕ್ಕದ ಕಂಪ್ಯೂಟರು

ಅಂಗಳ ಸಾರಿಸಿದೆ. ಹೋಳಿಗೆಗೆ ಕಡಲೆಬೇಳೆ ಕುದಿಯಲಿಟ್ಟೆ. ಚುರಮುರಿ ಜರಡಿ ಹಿಡಿದು ಕಸ ತೆಗೆದೆ. ಮಾವನವರ ಧೋತರಕ್ಕೂ ನಾದಿನಿಯ ಸೀರೆಗೂ ಇಸ್ತ್ರಿ ಮಾಡಿದೆ. ಕೀಬೋರ್ಡನ್ನು ಬೋರಲು ಹಾಕಿ ಬೆನ್ನು ತಟ್ಟಿ ಇರುವೆ ಉದುರಿಸಿದೆ. ಕಣಕ ನಾದಿ, ಎಣ್ಣೆ ಸವರಿ ಮುಚ್ಚಿಟ್ಟೆ. ಮಾನಿಟರಿನ ಗಾಜನ್ನು ಮೊದಲು ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿದೆ. ಒಗೆದ ಪರದೆಯನ್ನು ಒಳಬಾಗಿಲಿಗೆ ಕಟ್ಟಿ, ಒಂದು ಕಣ್ಣು ಹಾಯುವಷ್ಟು ಸಂದು ಬಿಟ್ಟೆ. ಹೂರಣ ರುಬ್ಬಿದೆ. ಕೈ ತೊಳೆದುಕೊಂಡು ಪರದೆಯ ಹಿಂದೆ ಮಣೆ ಹಾಕಿ, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತು ನೋಡಿದೆ. ಎಲ್ಲ ಸರಿಯಾಗಿತ್ತು.

ಅಂದು ಭಾನುವಾರ. ನಾದಿನಿಯ ಮದುವೆ ಮಾತಾಡಲು ಹುಮನಾಬಾದಿನಿಂದ ಗಂಡಿನ ಕಡೆಯ ಹಿರಿಯರು ಬಸವಕಲ್ಯಾಣದ ನಮ್ಮ ಮನೆಗೆ ಬರುವವರಿದ್ದರು. ಹುಡುಗ ಮೊದಲೇ ಬಂದು ನೋಡಿ ಹೋಗಿದ್ದ. ಅವನಿಗೂ ಮನಸ್ಸಿತ್ತು, ಇವಳಿಗೂ ಇತ್ತು. ಉಳಿದದ್ದು ಹಿರಿಯರ ಮಾತು. ಹಿರಿಯರ ಮಾತೆಂದರೆ ನಮ್ಮ ಕಡೆಯಿಂದ ಮಾವನವರ ಮಾತು. ಮಾವನವರಿಗೋ ಕಿವಿ ಕೇಳಿಸುತ್ತಿರಲಿಲ್ಲ.

ಇದು ಮನೆಯ ನಾಲ್ಕು ಜನರನ್ನು ಬಿಟ್ಟು ಹೊರಗೆ ಸರಿಯಾಗಿ ಗೊತ್ತಿರಲಿಲ್ಲ. ಅವರು ಕನ್ನಡ ಶಾಲೆಯ ಮಾಸ್ತರಾಗಿದ್ದು ನಿವೃತ್ತರಾದವರು. ಓಣಿಯ ಜನ "ಮಾಸ್ತರಿಗೆ ಜರಾ ಮಂದ ಕೇಳಸ್ತದ" ಎನ್ನುವಷ್ಟಕ್ಕೆ ಬಿಟ್ಟಿದ್ದರು. ಅದು ಮಂದ ಎನ್ನುವ ಹಂತವನ್ನು ದಾಟಿ ವರ್ಷಗಳಾಗಿದ್ದವು. ಅವರ ತಾಯಿಗೂ ನಡುವಯಸ್ಸು ದಾಟಿದ ಮೇಲೆ ಹಾಗೇ ಆಗಿತ್ತಂತೆ. ನನ್ನ ಗಂಡನಿಗೆ ಇದೇ ಚಿಂತೆ.

"ಮನೆತನದಾಗ ಕಿವುಡು ಅದ ಅಂತ ಒಂದು ಸುದ್ದಿ ಹೊಂಟ್ರ ಮುಗೀತು. ನನ್ನ ತಂಗೀನ ಯಾರು ಮಾಡ್ಕೋತಾರ? ಇವತ್ತು ಅಪ್ಪಗ, ನಾಳೆ ಮಗಳಿಗೆ ಅಂತಾರ."

ಅದಕ್ಕೂ ಮೊದಲು ಎರಡು ಕಡೆ ಮಾತು ಬಂದು ಬಿಟ್ಟುಹೋಗಿತ್ತು. ಕಾರಣ ಇದಲ್ಲದಿದ್ದರೂ ನಮಗೆಲ್ಲ ಇದೇ ಇರಬೇಕು ಅನ್ನಿಸಿತ್ತು. ಮುಚ್ಚಿಡುವ ಮನೆಯಲ್ಲಿ ಹಾಗೇ ಆಗುತ್ತದೆ. ಬಾಗಿಲು ಬಡಿದರೂ ನಮ್ಮದೇ ಗುಟ್ಟು ಕೇಳಲು ಬಂದರು ಎನ್ನಿಸುತ್ತದೆ.

ಕಿವಿಯ ಮಿಷನ್ನು ತಂದು ನೋಡಿದ್ದೆವು. ಡಬ್ಬಿಯನ್ನು ಅಂಗಿಯ ಕಿಸೆಯಲ್ಲಿಟ್ಟು ವಾಯರನ್ನು ಕಿವಿಗೆ ಸಿಕ್ಕಿಸಿಕೊಳ್ಳುವಂಥದ್ದು. ಅದು ಶೀಟಿ ಹೊಡೆಯುತ್ತಿತ್ತು. ಮಾವನವರಿಗೆ ಆ ಶೀಟಿಯೂ ಕೇಳುತ್ತಿರಲಿಲ್ಲ. ಅವರು ಕಟ್ಟೆಗೆ ಹೋಗಿ ಕೂತರೆ ಪಕ್ಕದವರು ಯಾವ ಕುಕ್ಕರು ಎಂದು ಹುಡುಕುತ್ತಿದ್ದರು. ಒಂದು ದಿನ ಅದನ್ನು ಬಿಚ್ಚಿ ಟ್ರಂಕಿನ ತಳಕ್ಕೆ ಹಾಕಿದರು. ಕಟ್ಟೆಗೆ ಹೋಗುವುದನ್ನೂ ಬಿಟ್ಟರು. ಅವರ ಕಿವಿಗೆ ಬಾಯಿಟ್ಟು ಕೂಗಬೇಕಾಗಿತ್ತು. ಕೂಗಿದರೆ ಓಣಿಗೆಲ್ಲ ಕೇಳುತ್ತಿತ್ತು. ಹೀಗಾಗಿ ಯಾರೂ ಕೂಗದೆ, ಮನೆಯೊಳಗೆ ಅವರೊಬ್ಬರು ಸುಮ್ಮನೆ ಕೂತಿರುವುದು ರೂಢಿಯಾಗಿಬಿಟ್ಟಿತು.

ಕಂಪ್ಯೂಟರು ಬಂದದ್ದು ಅದೇ ಹೊತ್ತಿಗೆ. ನನ್ನ ಗಂಡ ಹುಮನಾಬಾದಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯಲು ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ಅಂಗಡಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಮತ್ತು ಕಂಪ್ಯೂಟರ್ ಕಲಿಸುತ್ತಿದ್ದರು. ಅವರು ಹೊಸ ಮಿಷನ್ನು ತಂದಾಗ ಹಳೆಯವು ಗುಜರಿಗೆ ಹೊರಟವು. ಗುಜರಿಗೆ ಹೊರಟದ್ದನ್ನು ಕಂಡರೆ ಇವರಿಗೆ ಕೈ ಕಟ್ಟಿಕೊಂಡಿರಲಾಗುವುದಿಲ್ಲ. ಒಂದರ ಹೊಟ್ಟೆ, ಇನ್ನೊಂದರ ಮಾನಿಟರು, ಮತ್ತೊಂದರ ಕೀಬೋರ್ಡು ಕೂಡಿಸಿ ಒಂದು ಸಂಸಾರ ಮಾಡಿದರು. ಡಬ್ಬಿಯನ್ನು ಗೋಣಿಚೀಲದಲ್ಲಿ ಹಾಕಿ ಬಸ್ಸಿನ ಟಾಪಿನ ಮೇಲೇರಿಸಿ, ಮಾನಿಟರನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತಂದರು. ಬಸ್ಸಿನಲ್ಲಿ ಪಕ್ಕದ ಹೆಂಗಸು ಕೂಸೆಂದು ತಿಳಿದು "ಮಾರಿ ತೆಗೀರಿ, ಉಸಿರು ಕಟ್ಟತದ" ಅಂದಳಂತೆ.

ಅದನ್ನು ನನ್ನ ಹೊಲಿಗೆ ಮಿಷನ್ನಿನ ಟೇಬಲ್ಲಿನ ಮೇಲೆ ಇಟ್ಟೆವು. ಒಳಗಿನ ಸಣ್ಣ ಸೆಲ್ಲು ಸತ್ತುಹೋಗಿತ್ತಾದ್ದರಿಂದ ಅದಕ್ಕೆ ತಾರೀಖು ನೆನಪಿರುತ್ತಿರಲಿಲ್ಲ. ಪ್ರತಿ ಸಲ ಚಾಲೂ ಮಾಡಿದಾಗ ಎಂದೋ ಮುಗಿದ ವರ್ಷದ ಜನವರಿ ಒಂದು ಎನ್ನುತ್ತಿತ್ತು. ಹೌದು ಹೌದು ಎಂದು ಒಂದು ಗುಂಡಿ ಒತ್ತಿದರೆ ಮುಂದಕ್ಕೆ ಹೋಗುತ್ತಿತ್ತು. ಸ್ವಿಚ್ಚು ಹಾಕಿ ಚಹಾಕ್ಕೆ ನೀರಿಟ್ಟರೆ ಚಹಾ ಸೋಸುವ ಹೊತ್ತಿಗೆ ತಯಾರಾಗಿರುತ್ತಿತ್ತು. ಕಾವು ಹೋಗಲೆಂದು ಡಬ್ಬಿಯ ಒಂದು ಮಗ್ಗುಲ ತಗಡು ಬಿಚ್ಚಿ, ಧೂಳು ಹೋಗದಿರಲೆಂದು ನನ್ನ ಹಳೆಯ ವಾಯಿಲ್ ಸೀರೆಯ ತುಂಡು ಕಟ್ಟಿದ್ದೆ. ಕರೆಂಟು ಹೋದರೆ ಇರಲಿ ಎಂದು ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಟೇಬಲ್ಲಿನ ಕೆಳಗಿತ್ತು. ಬಂದವರು ನೋಡಿ ನಗುತ್ತಾರೆಂದು ಅದರ ಮುಂದೆ ಅಕ್ಕಿ ಡಬ್ಬಿ ಇಡುತ್ತಿದ್ದೆ.

ಅದರಲ್ಲಿ ಕನ್ನಡ ಬರುತ್ತಿತ್ತು. ಕೆ ಒತ್ತಿದರೆ ಕ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು. ಒಂದು ಸಂಜೆ ನಾನು ಸುಮ್ಮನೆ ಅಕ್ಷರವನ್ನು ಅಂಗೈಯಷ್ಟು ದೊಡ್ಡದು ಮಾಡಿ "ಮಾಮಾ ಊಟಕ್ಕೆ ಬರ್ರಿ" ಎಂದು ಒತ್ತಿದೆ. ಕುರ್ಚಿಯಲ್ಲಿ ಕೂತಿದ್ದ ಮಾವನವರು ತುಟಿಯಾಡಿಸಿ ಓದಿದರು. ಎದ್ದರು. ತಟ್ಟೆಯ ಮುಂದೆ ಕೂತು, "ಬರ್ರಿ ಅಲ್ಲ ಯವ್ವಾ, ಬನ್ನಿರಿ. ಬರಿಯೂ ಮುಂದ ಬರೋಬರಿ ಬರೀಬೇಕು" ಎಂದರು. ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಒಂದು ಮಾತಿಗೆ ಮರುಮಾತು ಬಂದದ್ದು ಅಂದು.

ಅಲ್ಲಿಂದ ಅದೇ ಅವರ ಕಿವಿ. ನಾನು ಒತ್ತುತ್ತಿದ್ದೆ, ಅವರು ಓದಿ ಬಾಯಿಂದ ಉತ್ತರ ಕೊಡುತ್ತಿದ್ದರು. ಮಂದಿ ಬಂದಾಗ ಏನೇನು ಮಾತಾಯಿತು ಎಂದು ಆಮೇಲೆ ಒತ್ತಿ ತೋರಿಸುತ್ತಿದ್ದೆ. ಬರೀ ಮಾತು ಒತ್ತಿದರೆ ಅವರಿಗೆ ರುಚಿ ಸಿಗುತ್ತಿರಲಿಲ್ಲ. ಯಾರು ಮುಖ ಗಂಟಿಕ್ಕಿದರು, ಯಾರು ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಬಟ್ಟಲು ಸರಿಸಿದರು, ಅದೂ ಬೇಕು. ನಾನು ಮಾತಿನ ಮಗ್ಗುಲಿಗೆ ಒಂದೊಂದು ಚಟಾಕಿ ಸೇರಿಸುವುದನ್ನು ಕಲಿತೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೆರಗು ಹೊದ್ದ ಸೊಸೆ ಮಾವನ ಮುಂದೆ ಬಾಯಿಬಿಟ್ಟು ಅನ್ನಲಾರದ್ದನ್ನೆಲ್ಲ ಬೆರಳು ಅನ್ನುತ್ತಿತ್ತು. ನನಗೂ ಅದರ ಚಟ ಹತ್ತಿತ್ತು.

ಮದುವೆ ಮಾತಿಗೆ ನನ್ನ ಗಂಡ ನಾನೇ ಕೂಡುತ್ತೇನೆ ಎಂದರು. ಮಾವನವರು ಅದನ್ನು ಗಾಜಿನ ಮೇಲೆ ಓದಿ ತಲೆಯಾಡಿಸಿದರು.

"ನನ್ನ ಮಗಳ್ನ ನಾ ಕೊಡಬೇಕು. ನನ್ನ ಬಾಯಿಲೇ ಕೊಡಬೇಕು. ನೀ ಕುಂತು ಮಾತಾಡಾಕತ್ರ ನಾ ಏನು ಮೂಲ್ಯಾಗ ಇಟ್ಟ ಹಂಡೆ ಏನು?"

ಆಗ ಇವರು ಒಂದು ಉಪಾಯ ಮಾಡಿದರು. ಕೆಟ್ಟ ಕೀಬೋರ್ಡೊಂದರ ವಾಯರು ಕತ್ತರಿಸಿ ನಮ್ಮದಕ್ಕೆ ಜೋಡಿಸಿ, ಟೇಪು ಸುತ್ತಿ ಉದ್ದ ಮಾಡಿದರು. ಮಾನಿಟರು ಹೊರಗೆ ಮಾವನವರ ಕುರ್ಚಿಯ ಪಕ್ಕದಲ್ಲಿ, ಅವರಿಗೆ ಮಾತ್ರ ಕಾಣುವಂತೆ. ಬೀಗರಿಗೆ ಅದರ ಬೆನ್ನು. ಕೀಬೋರ್ಡು ಒಳಗೆ, ಪರದೆಯ ಹಿಂದೆ, ನನ್ನ ತೊಡೆಯ ಮೇಲೆ. ಬೀಗರು ಮಾತಾಡುವುದು, ನಾನು ಒತ್ತುವುದು, ಮಾವನವರು ಓರೆಗಣ್ಣಿನಲ್ಲಿ ಓದಿ ಗಂಭೀರವಾಗಿ ಉತ್ತರ ಕೊಡುವುದು. ಹಿಂದಿನ ದಿನ ಕೂತು ತಾಲೀಮು ಮಾಡಿದೆವು. ಬೀಗರ ಪಾತ್ರ ನಾದಿನಿಯದು. "ನಿಮ್ಮ ಮಗಳಿಗೆ ರೊಟ್ಟಿ ಬಡ್ಯಾಕ ಬರ್ತದೇನ್ರಿ ಮಾಸ್ತರ?" ಎಂದು ಗಂಡು ದನಿ ತೆಗೆದಳು. ಮಾವನವರು ಓದಿ, "ಬರ್ತದ್ರಿ, ಆದ್ರ ದುಂಡಗ ಬರಂಗಿಲ್ಲ" ಎಂದರು. ನಾಲ್ವರೂ ನಕ್ಕೆವು. ಅಷ್ಟು ಸಲೀಸಾಗಿತ್ತು.

ಬೀಗರು ಮಧ್ಯಾಹ್ನ ಬಂದರು. ಹುಡುಗನ ತಂದೆ, ಹುಡುಗನ ಸೋದರತ್ತೆ, ಚಿಟಗುಪ್ಪದಿಂದ ಬಂದ ಅವನ ಸೋದರಮಾವ. ಸೋದರಮಾವ ದುಂಡು ದೇಹದ, ತಲೆಗೆ ಕೆಂಪು ಪಟಗ ಸುತ್ತಿದ ಮನುಷ್ಯ. ಮಾತು ಗಟ್ಟಿಯಾಗುವವರೆಗೆ ಹೆಣ್ಣಿನ ಮನೆಯಲ್ಲಿ ಊಟ ಮಾಡುವುದಿಲ್ಲ, ತಿಂಡಿ ಚಹಾ ಮಾತ್ರ. ಹೂಂ ಅಂದರೆ ಹೋಳಿಗೆ ಬಡಿಸುವುದು. ಹೀಗಾಗಿ ಒಳಗೆ ಹೋಳಿಗೆ ಕಾಯುತ್ತಿತ್ತು, ಹೊರಗೆ ಚುರಮುರಿಯ ಸುಸಲಾ ನಡೆದಿತ್ತು. ನಾದಿನಿ ನಮಸ್ಕಾರ ಮಾಡಿ ಒಳಗೆ ಬಂದು ಒಲೆಯ ಹತ್ತಿರ ಕೂತಳು. ಬಡಿಸುವುದು ನನ್ನ ಗಂಡನ ಕೆಲಸ.

ಮೊದಲು ಚೆನ್ನಾಗೇ ನಡೆಯಿತು. ಮಳೆ, ಬಸ್ಸು, ತೊಗರಿ. ಮಾವನವರು ಓದಿ ಓದಿ ಒಳ್ಳೆಯ ಉತ್ತರ ಕೊಟ್ಟರು. ಸ್ವಲ್ಪ ತಡವಾಗುತ್ತಿತ್ತು, ಅದು ವಿಚಾರ ಮಾಡಿ ಮಾತಾಡುವವರ ಗತ್ತಿನ ಹಾಗೆ ಕಾಣುತ್ತಿತ್ತು. ಹುಡುಗನ ತಂದೆ ಕೊಡುವ ತಗೊಳ್ಳುವ ಮಾತಿಗೆ ಬಂದರು. ನಾನು ಅದನ್ನೂ ಒಂದಕ್ಷರ ಬಿಡದೆ ಒತ್ತಿದೆ. ಸೋದರಮಾವ ತಟ್ಟೆ ಮುಂದೆ ಮಾಡಿದರು. ಇವರು ಮತ್ತೆ ಬಡಿಸಿದರು, ಅದರ ಹಿಂದೆಯೇ ಇನ್ನೊಂದು ಸಲ. ನನ್ನ ಬೆರಳು ಸುಮ್ಮನಿರಲಿಲ್ಲ. ಮಾವನವರು ನಗಲಿ ಎಂದು ಒಂದು ಸಾಲು ಒತ್ತಿದೆ.

ಅದೇ ಹೊತ್ತಿಗೆ ಸೋದರತ್ತೆ ಅಂಗಳಕ್ಕೆ ಹೋಗಿ ಕೈ ತೊಳೆದು ಬಂದವರು ಮಾವನವರ ಕುರ್ಚಿಯ ಹಿಂದಿನಿಂದ ಹಾಯ್ದರು. ಅಲ್ಲೇ ನಿಂತರು.

"ಅಯ್ಯ! ಇದು ತಾನೇ ಬರ್ಯಾಕತ್ತದಲ್ಲ!"

"ಏನು?" ಎಂದರು ಹುಡುಗನ ತಂದೆ.

"ಈ ಡಬ್ಬಿ! ನಾವು ಮಾತಾಡಿದ್ದು ಬರ್ಕೊಳ್ಳಾಕತ್ತದ. ಕೊಡೋದು ತಗೊಳ್ಳೋದು ಅಂತೆಲ್ಲ ಬಂದದ ನೋಡು!"

ಹುಡುಗನ ತಂದೆಯ ಮುಖ ಬಿಗಿಯಿತು. "ಏನ್ರಿ ಇದು? ಬರದಿಟ್ಕೊಂಡು ನಾಳೆ ಠಾಣೇಕ್ಕ ಒಯ್ಯೋ ವಿಚಾರ ಏನು?"

ಮಾವನವರಿಗೆ ಒಂದು ಅಕ್ಷರ ಕೇಳಿಸಿರಲಿಲ್ಲ. ಎಲ್ಲರೂ ಮಾನಿಟರಿನ ಕಡೆ ಕೈ ಮಾಡುವುದು ಮಾತ್ರ ಕಂಡಿತು. ಅನುಮಾನ ಬಂದಿದೆ ಎಂದು ಅವರಿಗೆ ಗೊತ್ತಾಯಿತು. ನಾನು ಒತ್ತಿದ ಕೊನೆಯ ಸಾಲನ್ನು ಅವರು ನೋಡಿರಲಿಲ್ಲ. ಎದ್ದು ನಿಂತು, ಎರಡೂ ಕೈಯಿಂದ ಮಾನಿಟರನ್ನು ಹಿಡಿದು, ಶಾಲೆಯಲ್ಲಿ ಹಲಗೆ ತಿರುಗಿಸುವ ಹಾಗೆ ಬೀಗರ ಕಡೆ ತಿರುಗಿಸಿಬಿಟ್ಟರು.

"ನೋಡ್ರಿ," ಎಂದರು ನಗುತ್ತಾ. "ನಿಮ್ಮ ಮಾತೇ ಅವ. ಒಂದಕ್ಷರ ಹೆಚ್ಚಿಲ್ಲ."

ಗಾಜಿನ ಮೇಲೆ, ಕೊಡುವ ತಗೊಳ್ಳುವ ಮಾತಿನ ಕೆಳಗೆ, ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ ಇದ್ದದ್ದು: ಚಿಟಗುಪ್ಪದವರು ಸುಸಲಾ ಮೂರು ಸಲ ಹಾಕಿಸಿಕೊಂಡರು. ಹೂಂ ಎಂದು ಒಮ್ಮೆಯೂ ಅನ್ನಲಿಲ್ಲ.

ಸೋದರಮಾವ ಒಂದೊಂದೇ ಪದ ಕೂಡಿಸಿ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಕೈಯೊಳಗಿನ ತಟ್ಟೆಯನ್ನು ನೋಡಿದರು. ಅದನ್ನು ಕೆಳಗಿಟ್ಟರು. ಮಾವನವರು ಇನ್ನೂ ಒಂದು ಕೈ ಮಾನಿಟರಿನ ನೆತ್ತಿಯ ಮೇಲಿಟ್ಟು ನಗುತ್ತಲೇ ನಿಂತಿದ್ದರು. ನನಗೆ ಆ ನಗುವನ್ನು ನೋಡಲಾಗಲಿಲ್ಲ. ನನ್ನ ತಪ್ಪು ನನಗಿರಲಿ, ಅವರು ಅದರ ಪಕ್ಕದಲ್ಲಿ ಸಾಕ್ಷಿ ಹೇಳಿದವರ ಹಾಗೆ ನಿಂತಿದ್ದರಲ್ಲ! ಅವರಿಗೆ ಹೇಳಬೇಕೆಂದರೆ ಒತ್ತಬೇಕು. ಒತ್ತಿದರೆ ಈಗ ಓದುವವರು ಬೀಗರು. ಗಾಜು ಮಾವನವರಿಗೆ ಬೆನ್ನು ಮಾಡಿತ್ತು.

ಎದ್ದು ಹೊರಗೆ ಹೋಗಿ ಕಾಲು ಹಿಡಿಯಬಹುದಿತ್ತು. ಹೋಗಲಿಲ್ಲ. ಒಳಗಿನಿಂದಲೇ ಒತ್ತಿದೆ. ತ. ಪ, ಎಫ್, ಪ. ಎಲ್ಲರೂ ಗಾಜನ್ನೇ ನೋಡುತ್ತಿದ್ದರು. ಒಂದೊಂದೇ ಅಕ್ಷರ ಅವರ ಮುಂದೆ ಬಿದ್ದು "ತಪ್ಪಾಯಿತು" ಎಂದಾಯಿತು.

"ಪರದೀ ಹಿಂದ ಯಾರೋ ಕುಂತಾರ," ಎಂದರು ಸೋದರತ್ತೆ.

ಸೋದರಮಾವ ಪರದೆಯ ಕಡೆ ತಿರುಗಿ, "ಮೂರಲ್ಲವ್ವ, ಎರಡ. ಮೂರನೇದು ನಾ ಬ್ಯಾಡ ಬ್ಯಾಡ ಅಂದ್ರೂ ನಿಮ್ಮ ಯಜಮಾನರೇ ಸುರವಿದ್ರು. ಬರಿಯೋದಾದ್ರ ಖರೇ ಬರಿ" ಎಂದರು.

ಯಾರೋ ನಕ್ಕ ಹಾಗಾಯಿತು. ಹುಡುಗನ ತಂದೆ ನಗಲಿಲ್ಲ. "ನಗೋದಿರ್ಲಿ. ಮಾಸ್ತರ, ನಾವು ನಿಮ್ಮೆದುರು ಕುಂತು ಮಾತಾಡಾಕತ್ತೀವಿ. ನಡುವ ಈ ಡಬ್ಬಿ ಯಾಕ ಬೇಕು ನಿಮಗ?"

"ಅವರಿಗೆ ನೆಗಡಿ ಆಗ್ಯದ್ರಿ, ಎರಡು ದಿನದಿಂದ ಕಿವಿ ಜರಾ..." ಎಂದು ನನ್ನ ಗಂಡ ತೊದಲಿದರು.

ಮಾವನವರಿಗೆ ಏನೋ ಕೆಟ್ಟಿದೆ ಎಂದು ತಿಳಿಯಿತು. ನಗು ನಿಂತಿತು. ಅವರು ಮಾನಿಟರಿನ ಮುಂದಕ್ಕೆ ಸುತ್ತಿ ಬಂದು, ಬೀಗರ ಮಗ್ಗುಲಿಗೆ ನಿಂತು ಓದಿದರು. ನನ್ನ ಸಾಲು, ನನ್ನ ತಪ್ಪೊಪ್ಪಿಗೆ. ತುಟಿ ಆಡುವುದು ಸಂದಿಯಿಂದ ಕಾಣುತ್ತಿತ್ತು. ನಾನು ಬೀಗರ ಪ್ರಶ್ನೆಯನ್ನೂ ಒತ್ತಿದೆ, ಗಂಡ ಹೇಳಿದ ನೆಗಡಿಯನ್ನೂ ಒತ್ತಿದೆ. ಆಗ ನನಗೆ ತಿಳಿದ ಪ್ರಾಮಾಣಿಕತನ ಅದೊಂದೇ.

ಮಾವನವರು ಓದಿ ತಮ್ಮ ಪಟಗ ಸರಿಮಾಡಿಕೊಂಡರು. ಆಮೇಲೆ ಕಿವುಡರ ದೊಡ್ಡ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಹೇಳಿದರು:

"ನೆಗಡಿ ಅಲ್ಲರಿ. ನನಗ ಕಿವಿ ಕೇಳಂಗಿಲ್ಲ. ಪೂರಾ ಕೇಳಂಗಿಲ್ಲ. ನಮ್ಮವ್ವಗೂ ಕೇಳತಿದ್ದಿಲ್ಲ. ನನ್ನ ಸೊಸಿ ನಿಮ್ಮ ಮಾತು ನನಗ ಮುಟ್ಟಸ್ತಾಳ. ಮುಟ್ಟಸೂ ಮುಂದ ಒಂದು ಮಾತು ಜಾಸ್ತಿ ಮುಟ್ಟಸಿದಳು, ಅದಕ್ಕ ಕಾರಣ ನಾನು. ನಗೋ ಚಟ ನನಗದ. ಮುಚ್ಚಿಟ್ಟಿದ್ದು ಮಾತ್ರ ಎಲ್ಲಾರ ತಪ್ಪು."

ನನ್ನ ಗಂಡ ನೆಲ ನೋಡುತ್ತಾ ನಿಂತರು. ಸೋದರತ್ತೆ ಕಿಟಕಿಯ ಹತ್ತಿರ ಹೋದರು. ನಮಗೆ ಬೆನ್ನು ಹಾಕಿ, ಸೆರಗನ್ನು ಬಾಯಿಗೆ ಹಿಡಿದು, ತನ್ನಷ್ಟಕ್ಕೇ ಅನ್ನುವ ಹಾಗೆ ಪಿಸುಗುಟ್ಟಿದರು:

"ಯವ್ವಾ, ಒಂದೀಟು ನೀರು ಕೊಡು."

ಪರದೆಯ ಹಿಂದೆ ಕೂತಿದ್ದ ನನಗೇ ಅದು ಅರ್ಧ ಕೇಳಿತು. ಒಲೆಯ ಹತ್ತಿರ ತಂಬಿಗೆಯ ಸದ್ದಾಯಿತು. ನಾದಿನಿ ನನ್ನ ಪಕ್ಕದಿಂದಲೇ ಪರದೆ ಸರಿಸಿಕೊಂಡು ಹೋದಳು. ನೇರ ಕಿಟಕಿಯ ಹತ್ತಿರ ಹೋಗಿ ನೀರಿನ ತಂಬಿಗೆಯನ್ನು ಆಕೆಯ ಮುಂದೆ ಹಿಡಿದಳು.

"ಕೇಳಸ್ತದ್ರಿ ಅತ್ತಿ," ಎಂದಳು. "ಇದಕ್ಕಿಂತ ಸಣ್ಣ ದನಿಲೇ ಅಂದ್ರೂ ಕೇಳಸ್ತದ."

ಅವಳ ಕುತ್ತಿಗೆಯವರೆಗೂ ಕೆಂಪಾಗಿತ್ತು. ಸಂತೆಯಲ್ಲಿ ಎಮ್ಮೆಯ ಬಾಯಿ ಬಿಚ್ಚಿ ಹಲ್ಲು ನೋಡುತ್ತಾರಲ್ಲ, ಹಾಗೆ ನೋಡಿದ್ದರು ಅವಳನ್ನು. ಮಾನಿಟರು ಬೀಗರ ಕಡೆ ತಿರುಗಿರದಿದ್ದರೆ, ನಾನು ಆ ಸಾಲು ಒತ್ತಿರದಿದ್ದರೆ, ಎಂದು ನಾನು ಅಲ್ಲೇ ಕೂತು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದೆ. ಸೋದರತ್ತೆ ನೀರು ಕುಡಿಯಲಿಲ್ಲ, ತಂಬಿಗೆ ಮುಟ್ಟಿ ಕೆಳಗಿಟ್ಟರು. ಹುಡುಗನ ತಂದೆ, "ಬಸ್ಸಿನ ಹೊತ್ತಾಯ್ತು. ಹೇಳಿ ಕಳಸ್ತೀವಿ" ಎಂದು ಎದ್ದರು. ಸೋದರಮಾವ ಚಪ್ಪಲಿ ಮೆಟ್ಟುತ್ತಾ ಮೂಗೇರಿಸಿ, "ಹೂರಣದ ವಾಸನಿ ಮಸ್ತ್ ಬಂದದ" ಎಂದರು. ಅದು ಸಮಾಧಾನವೋ ಚುಚ್ಚುಮಾತೋ ತಿಳಿಯದೆ ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

ಅವರು ಹೋದ ಮೇಲೆ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಗಂಡ ಮಾನಿಟರನ್ನು ಮೊದಲಿನ ಹಾಗೆ ಕುರ್ಚಿಯ ಕಡೆ ತಿರುಗಿಸಿಟ್ಟರು. ನಾನು ನನ್ನ ಎರಡು ಸಾಲನ್ನೂ ಅಳಿಸಿದೆ. ಅಳಿಸುವ ಗುಂಡಿ ಒಂದೇ ಇದ್ದರೂ ಅಕ್ಷರ ಒಂದೊಂದೇ ಹೋಗಬೇಕು.

ದೀಪ ಹಚ್ಚುವ ಹೊತ್ತಿಗೆ ಮಾವನವರು ಮಗಳನ್ನು ಹತ್ತಿರ ಕರೆದರು. "ಅವರು ಹೂಂ ಅಂತ ಹೇಳಿ ಕಳಿಸಿದ್ರ ನಾ ಏನು ಹೇಳ್ಲಿ? ಇವತ್ತ ಆಗಿದ್ದು ನೋಡಿ ಹೇಳು."

ಅವಳು ನನ್ನ ಕೈಯಿಂದ ಕೀಬೋರ್ಡು ತೆಗೆದುಕೊಂಡಳು. ಅವಳಿಗೆ ರೂಢಿಯಿರಲಿಲ್ಲ, ಹುಡುಕಿ ಹುಡುಕಿ ಒತ್ತಿದಳು. "ಹೂಂ ಅನ್ನು. ನೀನೇ ಅನ್ನಬೇಕು, ಅಣ್ಣ ಅಲ್ಲ. ಆದರೆ ಅತ್ತೆ ಪಿಸುಗುಟ್ಟಿದ್ದನ್ನು ನಾನು ಮರೆಯುವುದಿಲ್ಲ."

ಮಾವನವರು ಓದಿದರು. ಆ ಸಲ ತುಟಿಯಾಡಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟರು.

ವಾರದ ಮೇಲೆ ಚಿಟಗುಪ್ಪದ ಸೋದರಮಾವನೇ ಒಪ್ಪಿಗೆಯ ಸಕ್ಕರೆ ಪೊಟ್ಟಣ ಹಿಡಿದು ಬಂದರು. ಅಂದು ಪರದೆ ಕಟ್ಟಲಿಲ್ಲ. ನಾನು ಅವರೆದುರೇ ಕೂತು ಒತ್ತಿದೆ, ಮಾವನವರು ತಮ್ಮ ಬಾಯಿಂದಲೇ ಹೂಂ ಅಂದರು. ನಾದಿನಿಯ ಮದುವೆಯಾಯಿತು. ಅವಳು ಸೋದರತ್ತೆಯೊಂದಿಗೆ ಚೆನ್ನಾಗಿದ್ದಾಳೆ, ಮರೆತಿಲ್ಲ. ಸೋದರಮಾವನಂತೂ ಎಲ್ಲಿ ಪಂಕ್ತಿಯಲ್ಲಿ ಸಿಕ್ಕರೂ ಎರಡನೆಯ ಸಲ ಬಡಿಸಿಕೊಂಡು ನನ್ನ ಕಡೆ ಕೈ ಎತ್ತಿ, "ಬರ್ಕೊ ಯವ್ವಾ, ಎರಡು!" ಎಂದು ಕೂಗುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಒಳಗೆ ಮಾತ್ರ ಆ ಮಧ್ಯಾಹ್ನದ ಹಾಗೇ ಕಿವಿಯವರೆಗೆ ಬಿಸಿ ಏರುತ್ತದೆ. ಪಕ್ಕದಲ್ಲಿ ಮಾವನವರು ಏನೂ ತಿಳಿಯದೆ ನಗುತ್ತಾ ನಿಂತದ್ದು ಕಾಣುತ್ತದೆ.

ಆದರೆ ಆ ಭಾನುವಾರ ಇದೊಂದೂ ನಮಗೆ ಗೊತ್ತಿರಲಿಲ್ಲ. ಊಟಕ್ಕೆ ಬೀಗರಿಗೆಂದು ಮಾಡಿದ್ದೇ ಇತ್ತು. ಹೋಳಿಗೆ, ಹಾಲು, ತುಪ್ಪ, ಕಟ್ಟಿನ ಸಾರು, ಅನ್ನ. ಮಾವನವರು ಒಂದು ಹೋಳಿಗೆ ತಿಂದು ಕೈ ತೊಳೆದರು. ನನ್ನ ಗಂಡ ಸಾರನ್ನ ಮಾತ್ರ ಉಂಡರು. ನಾದಿನಿ ಮೂರು ಹೋಳಿಗೆ ತಿಂದಳು, ಒಂದೊಂದಕ್ಕೂ ತುಪ್ಪ ಹಾಕಿಸಿಕೊಂಡು. ನಾನು ಉಳಿದ ಸುಸಲಾ ತಿಂದೆ, ಮೆತ್ತಗಾಗಿತ್ತು. ಬೇರೆ ದಿನ ಎಲ್ಲರಿಗಿಂತ ಮೊದಲು ಮಲಗುವವರು ಮಾವನವರು. ಅಂದು ಅವರು ಕುರ್ಚಿಯಲ್ಲೇ ಕೂತಿದ್ದರು, ಆರಿದ ಗಾಜಿನ ಕಡೆ ಮುಖ ಮಾಡಿ. ಮೊದಲು ನಿದ್ದೆ ಹೋದವಳು ನಾದಿನಿ.